ಪಾತ್ರೆ ತೊಳೆದ ಹೀರೋ

ಕಿರುಚಿತ್ರ ಅಂದರೆ ಏನೆಂದೇ ಗೊತ್ತಿಲ್ಲದವರ ಮುಂದೆ ಕಿರುಚಿತ್ರೋತ್ಸವ ಮಾಡಹೊರಟವರಿಗೆ ಪಜೀತಿಗಳಿಗೇನೂ ಬರವಿಲ್ಲ. ನಾನೂ ನನ್ನ ಗೆಳೆಯನೂ ಪ್ರೊಜೆಕ್ಟರ್ ಹೊತ್ತುಕೊಂಡು ಮುಂಬೈ ಹೊರವಲಯದ ಠಾಣೆಯಿಂದ ಬದಲಾಪುರದವರೆಗೆ ಕನ್ನಡಿಗರಿರುವ ವಸತಿ ಸೊಸೈಟಿಗಳ ಹಾಲ್‌ಗಳನ್ನು ಸುತ್ತುತ್ತಿದ್ದೆವು. ಆದ ಪಜೀತಿಯನ್ನೆಲ್ಲ ನೆನೆದು ವಾಪಸ್ ಬರುವ ಲೋಕಲ್ ರೈಲಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು. ಹೋದ ಮಳೆಗಾಲದಲ್ಲಿ ಅವನು ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಈಗ ನಾನೊಬ್ಬನೇ ನಗಬೇಕು. ಒಂದು ಅನುಕೂಲವುಂಟು. ತನ್ನಷ್ಟಕ್ಕೆ ತಾನೇ ನಗುವವನಿಗೆ ಲೋಕಲ್‌ನಲ್ಲಿ ಜನ ಬೇಗ ಸೀಟು ಬಿಟ್ಟುಕೊಡುತ್ತಾರೆ.

ಅವನು ನಟಿಸಿದ ಒಂದೇ ಒಂದು ಚಿತ್ರ ಈ ಸಲದ ಉತ್ಸವದಲ್ಲಿತ್ತು. ಅವನ ಹೆಂಡತಿ ಅದನ್ನು ನೋಡಿರಲಿಲ್ಲ. "ಅವರ ಮುಖ ಅಲುಗಾಡುವುದನ್ನು ನನ್ನಿಂದ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ" ಅಂದಿದ್ದರು. ಅವರು ಒಮ್ಮೆಯಾದರೂ ನೋಡಲಿ ಅನ್ನುವುದೊಂದೇ ನನ್ನ ಆಸೆ.

ಇಂಟರ್ವಲ್

ಠಾಣೆಯ ವಾಗ್ಳೆ ಎಸ್ಟೇಟ್ ಹತ್ತಿರದ ಸೊಸೈಟಿ. ದೀಪ ಬೆಳಗಿ, ಹಾರ ಹಾಕಿ, ತೆಂಗಿನಕಾಯಿ ಕೊಟ್ಟು, ಭಾಷಣ ಮುಗಿಸುವಷ್ಟರಲ್ಲಿ ಒಂದು ತಾಸಾಯಿತು. ಅಂದು ಹಾಕಿದ್ದು ಬೇರೆಯವರ ಚಿತ್ರ, ಏಳು ನಿಮಿಷದ್ದು. ಅದರಲ್ಲಿ ಮಗಳು ಆಸ್ಪತ್ರೆಯ ಬಾಗಿಲು ತಳ್ಳುತ್ತಿದ್ದಂತೆ ಹಾಲ್‌ನ ಲೈಟು ಹತ್ತಿತು. ಹುಬ್ಬಳ್ಳಿ ಕಡೆಯ ಸೆಕ್ರೆಟರಿ ಮೈಕ್ ಹಿಡಿದು "ಇಂಟರ್ವಲ್!" ಎಂದರು.

"ಇನ್ನೆರಡೇ ನಿಮಿಷ ಸಾರ್" ಅಂದೆ.

"ಬಟಾಟಾ ವಡಾ ಆರ್ತಾವ್ರೀ. ನಿಮ್ಮ ಪಿಚ್ಚರ್ ಏನ್ ಆರ್ತದೇನು?"

ನಗು ತಡೆಯಲಾರದೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಪ್ರೊಜೆಕ್ಟರಿನ ಚೀಲ ಮಾತ್ರ ಇತ್ತು.

ಡೇಟ್ಸ್ ಇಲ್ಲ

ನವಿ ಮುಂಬೈಯ ಮಹಿಳಾ ಮಂಡಳದಲ್ಲಿ ಗೆಳೆಯನ ಚಿತ್ರ ಹಾಕಿದೆ. ಹೆಂಡತಿಗೆ ಜ್ವರ, ಗಂಡ ಸದ್ದಿಲ್ಲದೆ ಸಿಂಕ್ ತುಂಬ ಬಿದ್ದ ಪಾತ್ರೆಗಳನ್ನು ತೊಳೆಯುತ್ತಾನೆ. ಕತೆ ಅಷ್ಟೆ. ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗ್ ತೊಳೀತಾರ್ರೀ!" ಎಂದರು ಮೈಸೂರಿನ ಅಧ್ಯಕ್ಷೆ. "ಮುಂದಿನ್ ಸಲ ಅವರನ್ನೂ ಕರ್ಕೊಂಡ್ ಬನ್ನಿ. ನಮ್ಮ ಯಜಮಾನ್ರಿಗೆಲ್ಲ ಒಂದು ಟ್ರೈನಿಂಗ್ ಕೊಡ್ಸೋಣ."

ಅವನಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅವರ ಡೇಟ್ಸ್ ಸಿಗೋದು ಈಗ ಬಹಳ ಕಷ್ಟ" ಅಂದೆ. "ಅಷ್ಟು ದೊಡ್ಡ ಸ್ಟಾರಾ!" ಎಂದು ಅವನಿಗೆಂದೇ ಒಂದು ಶಾಲು ಕೊಟ್ಟು ಕಳಿಸಿದರು.

ಬಾಣಲೆ

ಶಾಲನ್ನು ಡೊಂಬಿವಲಿಯ ಅವನ ಮನೆಗೆ ಕೊಂಡುಹೋದೆ. ಅವನ ಹೆಂಡತಿ ಉಡುಪಿ ಕಡೆಯವರು.

"ಎಂತಕ್ಕೆ ಶಾಲು?"

"ಪಾತ್ರೆ ತೊಳೆದದ್ದಕ್ಕೆ."

"ಪಾತ್ರೆಯಾ? ಇವರಾ? ಕುಡಿದ ಲೋಟ ಎತ್ತಿಟ್ಟ ಮನುಷ್ಯ ಅಲ್ಲ ಮಾರಾಯ್ರೆ!"

ಗಂಡನ ಮುಖ ನೋಡಲಾರೆ ಎಂದಿದ್ದವರು, ಅವನು ಪಾತ್ರೆ ತೊಳೆಯುವುದನ್ನು ನೋಡಲು ಮರುವಾರದ ಡೊಂಬಿವಲಿ ಶೋಗೆ ಬಂದೇ ಬಂದರು. ಮುಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಗೆಳೆಯ ಅಂಗಿಯ ತೋಳು ಮಡಚುತ್ತಿದ್ದಂತೆ ಅವರ ಸೆರಗು ಬಾಯಿಗೆ ಹೋಯಿತು. ಚಿತ್ರ ಮುಗಿದಾಗ ಎಲ್ಲರೂ ಅವರ ಕಡೆಗೇ ತಿರುಗಿದರು. ಅಲ್ಲಿದ್ದವರಿಗೆಲ್ಲ ಅವನು ಗೊತ್ತಿದ್ದವನೇ. ಕರೆತಂದು ತಪ್ಪು ಮಾಡಿದೆನೇನೋ ಎಂದು ನನಗೆ ಸಂಕಟವಾಯಿತು.

"ಇನ್ನೊಂದ್ಸಲ ಹಾಕ್ತೀರಾ?" ಎಂದರು ಅವನ ಹೆಂಡತಿ.

"ಬೇಡ ಅಕ್ಕ, ಸುಮ್ಮನೆ ಯಾಕೆ ಅಳುವುದು?"

ಅವರು ಕಣ್ಣೊರೆಸಿಕೊಳ್ಳುತ್ತಲೇ ಪರದೆಯ ಕಡೆ ಬೆರಳು ತೋರಿಸಿದರು.

"ಬಾಣಲೆಯ ತಳದಲ್ಲಿ ಮಸಿ ಹಾಗೇ ಉಂಟು. ಇನ್ನೊಮ್ಮೆ ತೊಳೀಲಿ."