ತೊಟ್ಟಿಲ ಅಳತೆಯ ಕಾರು

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಕೆಟ್ಟವರ ಪಟ್ಟಿ ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಬಹಳ ಉದ್ದವಿದೆ. ಆ ಪಟ್ಟಿಗೆ ನನ್ನ ಹೆಸರು ಸೇರುವ ಪ್ರಶ್ನೆಯೇ ಇಲ್ಲವೆಂದು ನಾನು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹನ್ನೊಂದು ಮಂದಿ ಶಿಕ್ಷಕರ ಸಮಕ್ಷಮದಲ್ಲಿ ಘೋಷಿಸಿದೆ. ಇಪ್ಪತ್ತಾರು ವರ್ಷ ಗಣಿತ ಕಲಿಸಿದವನು ನಾನು. ಲೆಕ್ಕ ಹಾಕಿ ಕೊಳ್ಳುವವನಿಗೆ ಮೋಸ ಮಾಡಲು ಬ್ರಹ್ಮನಿಂದಲೂ ಆಗದು! ಹನ್ನೊಂದೂ ಮಂದಿ ತಲೆಯಾಡಿಸಿದರು. ಹನ್ನೊಂದರಲ್ಲಿ ಏಳು ಮಂದಿ ಆ ಪಟ್ಟಿಯಲ್ಲಿದ್ದವರು.

ಕಾರು ಬೇಕಾದದ್ದು ನನಗಲ್ಲ, ಒಂದು ತೊಟ್ಟಿಲಿಗೆ. ನನ್ನ ಹೆಂಡತಿ ಯಶೋಧಾಳ ತವರು ಹಲವಾಗಲು. ಆ ಮನೆಯ ತೇಗದ ತೊಟ್ಟಿಲು ನಮ್ಮ ಮಗ ಬೀರಲಿಂಗೇಶ ಹುಟ್ಟಿದಾಗ ನಮ್ಮಲ್ಲಿಗೆ ಬಂದದ್ದು, ಅವನಿಗೆ ಮೀಸೆ ಬರುವ ಹೊತ್ತಾದರೂ ತಿರುಗಿ ಹೋಗಿರಲಿಲ್ಲ. ಅದರಲ್ಲಿ ಈರುಳ್ಳಿ ಮಲಗುತ್ತಿತ್ತು. ಆರು ವರ್ಷದ ಹಿಂದೆ ಯಶೋಧಾಳ ತಮ್ಮ ರಾಮಾಂಜನೇಯನಿಗೆ ಮೊದಲ ಗಂಡು ಹುಟ್ಟಿತು. ಹೆಸರಿಡುವ ದಿನ ಸೋದರತ್ತೆಯಾದವಳು ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಅವಳ ಹಕ್ಕು. ಅಂದು ನಾವು ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕಲು ಒಪ್ಪುವ ಕಂಡಕ್ಟರನನ್ನು ಹುಡುಕುತ್ತ ನಾಲ್ಕು ಬಸ್ಸು ಬಿಟ್ಟೆವು. ಕೊನೆಗೆ ತೊಟ್ಟಿಲನ್ನು ಮನೆಯಲ್ಲೇ ಬಿಟ್ಟು ಅಲ್ಲಿ ಮುಟ್ಟುವಷ್ಟರಲ್ಲಿ ದೂರದ ಸಂಬಂಧಿಯಾದ ನೀಲಗಂಗಮ್ಮ ಎಂಬಾಕೆ ‘ಕುರ್ರ್’ ಅಂದು, ಹೆಸರಿಟ್ಟು, ಗುದ್ದಿಸಿಕೊಂಡು, ಉಂಡು, ಎಲೆಯಡಿಕೆ ಹಾಕುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಯಶೋಧಾ ಆ ಹುಡುಗನನ್ನು ಹೆಸರು ಹಿಡಿದು ಕರೆದಿಲ್ಲ. ‘ಏ ಹುಡುಗ’ ಅನ್ನುತ್ತಾಳೆ.

ಈಗ ರಾಮಾಂಜನೇಯನಿಗೆ ಎರಡನೆಯದು, ಹೆಣ್ಣು. ಶುಕ್ರವಾರ ಹನ್ನೊಂದು ಗಂಟೆಗೆ ಹೆಸರು.

“ಈ ಸಲ ತಪ್ಪಿತೋ,” ಎಂದಳು ಯಶೋಧಾ, “ನಾನು ತವರುಮನಿ ಹೊಸ್ತಿಲಾ ತುಳಿಯೂದಿಲ್ಲ. ನಿಮ್ಮ ಹೊಸ್ತಿಲಾನೂ ತುಳಿಯೂದಿಲ್ಲ.”

“ಎಲ್ಲಿರ್ತಿ ಮತ್ತ?”

“ಅದನ್ನ ನೀವು ಲೆಕ್ಕ ಹಾಕ್ರಿ. ಗಣಿತದ ಮಾಸ್ತರಲ್ಲೇನು?”

ಹಾಕಿದೆ. ನಾನು, ಯಶೋಧಾ, ನನ್ನ ಅವ್ವ ಪಕ್ಕೀರಮ್ಮ, ಮಗಳು ಚಂದನಾ, ಮಗ ಬೀರಲಿಂಗೇಶ: ಐದು ತಲೆ, ಒಂದು ತೊಟ್ಟಿಲು. ಉತ್ತರ: ಸ್ಟೇಷನ್ ವ್ಯಾಗನ್! ಅಂದರೆ ಮುಂದೆ ಕಾರಿನಂತಿದ್ದು ಹಿಂದೆ ಡಿಕ್ಕಿ ಮುಗಿಯುವುದನ್ನೇ ಮರೆತ ಗಾಡಿ. ಅದರ ಛಾವಣಿ ಹಿಂದಿನವರೆಗೂ ಒಂದೇ ಸಮ ಹೋಗಿರುತ್ತದೆ. ನಮ್ಮ ಸೀಮೆಯ ದಲ್ಲಾಳಿಗಳು ಆ ಹೆಸರನ್ನೇ ಕೇಳಿರಲಿಲ್ಲ. ನಾನು ತೊಟ್ಟಿಲ ಉದ್ದ, ಅಗಲ, ಎತ್ತರಕ್ಕೆ ಮೂರು ಹುರಿ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಸಂಚಾರ ಹೊರಟೆ. ಬೇರೆಯವರು ಎಂಜಿನ್ ನೋಡುತ್ತಾರೆ, ಟಯರು ನೋಡುತ್ತಾರೆ. ನಾನು ಡಿಕ್ಕಿ ತೆರೆದು ಹುರಿ ಹಿಡಿಯುತ್ತಿದ್ದೆ. ಕೂಡ್ಲಿಗಿಯಲ್ಲಿ ನೋಡಿದ ಗಾಡಿ ಉದ್ದಕ್ಕೆ ಸರಿಹೋಯಿತು, ಎತ್ತರಕ್ಕೆ ಹೋಗಲಿಲ್ಲ. ಕೊಟ್ಟೂರಿನಲ್ಲಿ ಎತ್ತರಕ್ಕೆ ಹೋಯಿತು, ಬಾಗಿಲು ಮುಚ್ಚಲಿಲ್ಲ. ಅಲ್ಲಿಯ ದಲ್ಲಾಳಿ ಬೊಮ್ಮಯ್ಯ ಬಹಳ ಹೊತ್ತು ನನ್ನನ್ನೇ ನೋಡಿ, “ಸಾರ್, ಸಿಟ್ಟಾಗಬ್ಯಾಡ್ರಿ... ಹೆಣಾ ಸಾಗಿಸಾಕೇನ್ರಿ?” ಎಂದು ಮೆಲ್ಲಗೆ ಕೇಳಿದ.

“ಕೂಸು ಮಲಗಿಸಾಕ!” ಎಂದೆ. ಅವನು ಇನ್ನಷ್ಟು ಹಿಂದಕ್ಕೆ ಸರಿದ.

ಕೊನೆಗೆ ಹೂವಿನಹಡಗಲಿಯಲ್ಲಿ ಭಾಗ್ಯ ತೆರೆಯಿತು. ಏಕಾಂತಪ್ಪ ಎಂಬ ಮಲ್ಲಿಗೆ ವ್ಯಾಪಾರಿ ಒಂಬತ್ತು ವರ್ಷ ಓಡಿಸಿದ ಬಿಳಿಯ ಉದ್ದನೆಯ ಗಾಡಿ. ಡಿಕ್ಕಿ ತೆರೆದೆ. ಮೂರು ಹುರಿಯೂ ಕೂತವು! ಒಳಗಿನಿಂದ ಬಂದ ಮಲ್ಲಿಗೆಯ ಘಮಕ್ಕೆ ನಾನು ಒಂದು ನಿಮಿಷ ಕಣ್ಣು ಮುಚ್ಚಿದೆ. ಕಣ್ಣು ತೆರೆಯುವಷ್ಟರಲ್ಲಿ ಗಾಡಿ ನನ್ನದಾಗಿತ್ತು.

“ಈ ಗಾಡೀನ ಎಲ್ಲರೂ ಬಲ್ಲರು ಸಾರ್,” ಎಂದ ಏಕಾಂತಪ್ಪ. ಇದನ್ನು ನಾನು ಹೊಗಳಿಕೆ ಎಂದು ತಿಳಿದೆ.

ಮನೆಗೆ ತಂದಾಗ ಯಶೋಧಾ ಗಾಡಿಯ ಸುತ್ತ ಒಂದು ಸುತ್ತು ಬಂದಳು.

“ಚೊಲೋತ್ನಾಗಿ ಓಡ್ತೈತೇನು, ಪರೀಕ್ಷಾ ಮಾಡಿ ತಂದೀರಿಲ್ಲೋ?”

“ತೊಟ್ಟಿಲು ಹಿಡಿತೈತಿ!”

“ತೊಟ್ಟಿಲು ಮನ್ಯಾಗೂ ಹಿಡಿತೈತಿ. ಹಂಗಂತ ಮನಿ ಓಡ್ತೈತೇನು?”

ಶುಕ್ರವಾರ ಬೆಳಿಗ್ಗೆ ಆರಕ್ಕೆ ಐದು ತಲೆಯೂ ತೊಟ್ಟಿಲೂ ಹೊರಟವು. ಹಡಗಲಿ ಮೇಲೆ ಹಾಯ್ದು ಹರಪನಹಳ್ಳಿ, ಅಲ್ಲಿಂದ ಹಲವಾಗಲು. ಹಡಗಲಿಯ ಸುತ್ತು ಯಶೋಧಾಳ ಆಸೆ: ತೊಟ್ಟಿಲಿಗೆ ಐದು ಮೊಳ ಮಲ್ಲಿಗೆ ಬೇಕಂತೆ. ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದೆ. ಡ್ರೈವಿಂಗ್ ಕಲಿತು ಮೂರು ವಾರವಾಗಿತ್ತು. ಪಕ್ಕಕ್ಕೆ ನೋಡುವ ಧೈರ್ಯ ಬಂದಿತ್ತು, ಹಿಂದಕ್ಕೆ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಕನ್ನಡಿಯ ತುಂಬ ತೊಟ್ಟಿಲೇ ಕಾಣುತ್ತಿತ್ತು.

ಹಡಗಲಿ ಇನ್ನೂ ಎರಡು ಮೈಲಿ ಇದ್ದಾಗ ಹೂವಿನ ತೋಟದಿಂದ ಒಬ್ಬ ಹೆಂಗಸು ರಸ್ತೆಗೆ ಬಂದು ಕೈಯೆತ್ತಿದಳು. ಪಾಪ, ಊರಿಗೆ ಬಿಡಿ ಅನ್ನುತ್ತಾಳೇನೋ ಎಂದು ನಿಲ್ಲಿಸಿದೆ. ಅವಳು ನನ್ನ ಮುಖವನ್ನೂ ನೋಡಲಿಲ್ಲ. ಸೀದಾ ಹಿಂದೆ ಹೋಗಿ, ನನಗೆ ಒಂದು ವಾರದಿಂದ ಒಗ್ಗದ ಡಿಕ್ಕಿಯ ಬಾಗಿಲಿಗೆ ಮೊಣಕಾಲಲ್ಲಿ ಒಂದು ಏಟು ಹಾಕಿ ತೆರೆದು, ಒದ್ದೆ ಬಟ್ಟೆಯ ಹೂವಿನ ಗಂಟೊಂದನ್ನು ಒಳಗಿಟ್ಟು, ಗಾಡಿಯ ಛಾವಣಿಗೆ ಎರಡು ಬಡಿದು, “ಹೂಂ, ನಡೀರಿ!” ಎಂದಳು.

“ಅಮ್ಮಾ, ಈ ಗಾಡಿ ಈಗ ನಂದು!”

“ಗಾಡಿ ಯಾರದರ ಇರಲಿ, ಹೂವು ನಂದು. ಶಿವಮ್ಮನ ಗಂಟು ಅಂತ ಹೇಳ್ರಿ. ನಿಂತಷ್ಟೂ ಅರಳ್ತಾವ, ಹೋಗ್ರಿ ಹೋಗ್ರಿ!”

ನಾನು ಇಳಿದು ಗಂಟನ್ನು ತಿರುಗಿ ಕೊಡಲು ಹೊರಟೆ. ಹಿಂದಿನಿಂದ ಅವ್ವ ಗದರಿದಳು: “ಲೇ, ಮುತ್ತೈದಿ ಬೆಳಬೆಳಿಗ್ಗೆ ಹೂವು ಕೊಟ್ರ ಒಲ್ಲೆ ಅಂತಾರೇನಲೇ? ಅದೂ ಹೆಸರಿಡಾಕ ಹೊಂಟಾಗ!” ಯಶೋಧಾ ಅಷ್ಟರಲ್ಲಿ ಒಂದು ಹೂವು ತೆಗೆದು ಕಣ್ಣಿಗೊತ್ತಿಕೊಂಡಿದ್ದಳು. ನಾನು ತಿರುಗಿ ಬಂದು ಸ್ಟೇರಿಂಗ್ ಹಿಡಿದೆ.

ಅಲ್ಲಿಂದ ಪ್ರತಿ ತೋಟದ ಬದುವಿಗೂ ಒಂದು ಕೈ ಏಳತೊಡಗಿತು. ಒಂಬತ್ತು ವರ್ಷ ಇದೇ ಹೊತ್ತಿಗೆ ಇದೇ ಬಿಳಿ ಗಾಡಿ ಬಂದು ಹೂವು ಎತ್ತಿಕೊಂಡು ಹರಪನಹಳ್ಳಿಯ ಮಂಡಿಗೆ ಒಯ್ಯುತ್ತಿತ್ತು. ಯಾರೂ ಡ್ರೈವರನ ಮುಖ ನೋಡಿದವರಲ್ಲ. ಏಕಾಂತಪ್ಪನಿಗೆ ಫೋನು ಹಚ್ಚಿದೆ.

“ಅಯ್ಯ, ನಿಮ್ಮ ಗಾಡಿಗೆ ಕೊಟ್ರೇನ್ರಿ ಸಾರ್!” ಎಂದ. “ಅದಕ್ಕ ನನ್ನ ಹೊಸಾ ಟೆಂಪೋಕ್ಕ ಒಬ್ಬರೂ ಕೈ ಮಾಡವಲ್ರು. ಈಗ ಅದರ ಟಯರೂ ಕುಂತೈತಿ. ನೀವು ಮಂಡಿಗೆ ಮುಟ್ಟಿಸ್ರಿ, ಹಿಂದ ಬಂದೆ. ನಿಮ್ಮ ದಾರ್‍ಯಾಗ ಐತಲ್ಲ?”

ಒಟ್ಟು ಎಂಟು ಹೂವಿನ ಗಂಟುಗಳಾದವು. ಡಿಕ್ಕಿ ತುಂಬಿ, ಚಂದನಾಳ ತೊಡೆಯ ಮೇಲೆ ಒಂದು, ಅವ್ವನ ತೊಡೆಯ ಮೇಲೆ ಒಂದು, ನನ್ನ ಗೇರಿನ ಮೇಲೂ ಒಂದು. ಮೂರನೆಯ ಗೇರಿನಿಂದ ನಾಲ್ಕಕ್ಕೆ ಹೋಗಲು ದಾರಿಯಿಲ್ಲ. ಆಗ ನನ್ನೊಳಗಿನ ಗಣಿತಜ್ಞ ಎಚ್ಚರಗೊಂಡ! ಅಷ್ಟು ದೊಡ್ಡ ತೊಟ್ಟಿಲು ಖಾಲಿ ಇದೆ. ಗಂಟೆಲ್ಲ ಬಿಚ್ಚಿ ಹೂವನ್ನು ಅದರಲ್ಲಿ ಸುರಿದರೆ? ಇದಕ್ಕೆ ಸಾಮಾನ್ಯ ಅಪವರ್ತನ ಹೊರತೆಗೆಯುವುದು ಎನ್ನುತ್ತಾರೆ.

“ಲೇ, ಮಂದಿ ಗಂಟು ಬಿಚ್ಚಬ್ಯಾಡಲೇ,” ಎಂದಳು ಅವ್ವ.

“ಹೂವೆಲ್ಲಾ ಒಂದ ಅಲ್ಲೇನಬೇ?” ಎಂದೆ.

ಸುರಿದೆ. ಎಂಟು ಬಟ್ಟೆಗಳನ್ನೂ ನೀಟಾಗಿ ಮಡಚಿ ಒಂದರ ಮೇಲೊಂದು ಇಟ್ಟೆ. ತೊಟ್ಟಿಲು ತುಂಬಿ ಬೆಳ್ಳಗೆ ಉಕ್ಕುತ್ತಿತ್ತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಒಂಬತ್ತೂಕಾಲಕ್ಕೆ ಹರಪನಹಳ್ಳಿಯ ಮಂಡಿ. ಅಲ್ಲಿ ತೂಕ ಮಾಡುವ ಶಿವಯೋಗಪ್ಪ ಡಿಕ್ಕಿಯೊಳಗೆ ಇಣುಕಿದವನು ಹಾಗೇ ನಿಂತ.

“ಯಾರ ಹೂವು ಯಾವುದು?”

“ಎಂಟೂ ಮಂದಿದು ಇದರಾಗ ಐತಿ.”

“ಗಂಟು ಎಲ್ಲಿ?”

ನಾನು ಹೆಮ್ಮೆಯಿಂದ ಮಡಚಿದ ಬಟ್ಟೆಗಳನ್ನು ತೋರಿಸಿದೆ. ಶಿವಯೋಗಪ್ಪ ಹಣೆ ಹಣೆ ಬಡಿದುಕೊಂಡ. ಒಬ್ಬೊಬ್ಬ ಹೆಂಗಸು ಒಂದೊಂದು ಥರ ಗಂಟು ಹಾಕುತ್ತಾಳಂತೆ. ಶಿವಮ್ಮನದು ಒಂಟಿ ಕಿವಿ, ಇನ್ನೊಬ್ಬಳದು ಜೋಡಿ ಕಿವಿ, ಮತ್ತೊಬ್ಬಳದು ಒಳಮಡಿಕೆ. ಚೀಟಿಯಿಲ್ಲ, ಹೆಸರಿಲ್ಲ. ಗಂಟು ನೋಡಿಯೇ ಮಂಡಿಯವರು ಯಾರ ಹೂವೆಂದು ಹೇಳಿ ತೂಗುವುದು. ಒಂಬತ್ತು ವರ್ಷದ ಲಿಪಿಯನ್ನು ನಾನು ಒಂಬತ್ತು ನಿಮಿಷದಲ್ಲಿ ಬಿಚ್ಚಿ ಮಡಚಿಟ್ಟಿದ್ದೆ!

“ಏಕಾಂತಪ್ಪ ಬಂದು ಬಗೆಹರಿಸೂತನಕ ಗಾಡಿ ಬಿಡಂಗಿಲ್ಲ,” ಎಂದ ಶಿವಯೋಗಪ್ಪ.

ಯಶೋಧಾ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಎರಡೂ ಒಂದೇ ನೋಟದಲ್ಲಿ. ಆಮೇಲೆ ಕಾರಿನಿಂದಿಳಿದು ಸೆರಗು ಸಿಗಿಸಿದಳು.

“ಚಂದನಾ, ಬೀರ್‍ಯಾ, ಇಳೀರಿ. ಬಸ್ ಸ್ಟ್ಯಾಂಡ್ ಇಲ್ಲೇ ಐತಿ. ನನಗೂ ಚಂದನಾಗೂ ಟಿಕೀಟಿಲ್ಲ, ಆಧಾರ್ ಕಾರ್ಡ್ ತೋರಿಸಿದ್ರ ಆತು. ಇವನದೊಂದೇ ಟಿಕೀಟು. ನಿಮ್ಮ ಗಾಡಿಕಿಂತಾ ಅಗ್ಗ.”

“ತೊಟ್ಟಿಲು?”

“ಕೂಸು ಸೀರಿ ಜೋಳಿಗ್ಯಾಗ ಮಲಕ್ಕೊಂತೈತಿ. ಅತ್ತಿ, ಬರ್ರಿ.”

ಅವ್ವ ಬಸ್ ಸ್ಟ್ಯಾಂಡಿನ ಕಡೆ ನೋಡಿದಳು. ಶುಕ್ರವಾರದ ಗದ್ದಲ. “ನನ್ನ ಮಣಕಾಲಿಗೆ ಆ ಮೆಟ್ಟಲಾ ಹತ್ತಾಕ ಆಗಂಗಿಲ್ಲವ್ವ. ನಾನು ನನ್ನ ಮಗನ ಗಾಡ್ಯಾಗ ಬರ್ತೀನಿ. ನೀ ನಡಿ, ಹೊತ್ತಾಕ್ಕೈತಿ,” ಎಂದಳು. ಇಡೀ ಬೆಳಿಗ್ಗೆ ನನ್ನ ಗಾಡಿಯ ಪರವಾಗಿ ಬಂದ ಮಾತು ಅದೊಂದೇ. ಅವಳು ಮಂಡಿಯ ಒಳಗೆ ಮಾಲೆ ಕಟ್ಟುವ ಹೆಂಗಸರ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತು, ಎರಡೇ ನಿಮಿಷದಲ್ಲಿ ಅವರೆಲ್ಲರ ಗಂಡಂದಿರ ಸಮಾಚಾರ ಕೇಳತೊಡಗಿದಳು.

ಏಕಾಂತಪ್ಪ ಬಂದದ್ದು ಹನ್ನೊಂದೂವರೆಗೆ. ಎಂಟು ಮಂದಿಗೂ ಫೋನು ಹಚ್ಚಿ, ನಿಮ್ಮದೆಷ್ಟು ಹೂವು ಎಂದು ಒಬ್ಬೊಬ್ಬರನ್ನೇ ಕೇಳಿದೆವು. ಎಂಟೂ ಉತ್ತರ ಕೂಡಿಸಿದರೆ ಇಪ್ಪತ್ತೇಳು ಕೆಜಿ. ತೊಟ್ಟಿಲಿನದು ತೂಗಿದರೆ ಇಪ್ಪತ್ತೆರಡು. ಎರಡು ಸಲ ಕೂಡಿಸಿದೆ. ಹೆಂಗಸರ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಗಂಟುಗಳಿರಲಿಲ್ಲ. ಕಡೆಗೆ ಮಿಕ್ಕ ಐದು ಕೆಜಿಯನ್ನು ನಾನೇ ಕೊಂಡೆ. ಇಲ್ಲದ ಹೂವನ್ನು ಮಾರುಕಟ್ಟೆಯ ದರಕ್ಕೆ ಕೊಂಡ ಮೊದಲ ಮನುಷ್ಯ ನಾನೇ ಇರಬೇಕು!

ಖಾಲಿ ತೊಟ್ಟಿಲು ಒಳಗೆ ಹಾಕಿ ಹಲವಾಗಲಿಗೆ ಹೊರಟಾಗ ಹನ್ನೆರಡೂವರೆ. ದಾರಿಯುದ್ದಕ್ಕೂ ಅವ್ವನಿಗೆ ನನ್ನ ಕಡೆಯ ನ್ಯಾಯ ವಿವರಿಸಿದೆ. ಗಂಟು ಬಿಚ್ಚಿದ್ದು ತಪ್ಪಲ್ಲ, ಬಿಚ್ಚುವ ಪರಿಸ್ಥಿತಿ ಬಂದದ್ದು ತಪ್ಪು ಎಂದೆ. ಅವ್ವ ಮಾತಾಡಲಿಲ್ಲ. ಗಾಡಿ ಹಳೆಯದಾದರೂ ಮನಸ್ಸು ಒಳ್ಳೆಯದು ಎಂದೆ. ಅದಕ್ಕೂ ಮಾತಾಡಲಿಲ್ಲ. ಸಿಟ್ಟು ಇಳಿದಿಲ್ಲವೆಂದು, “ತಪ್ಪಾತು ಬಿಡಬೇ, ನಿನ್ನ ಮಾತು ಕೇಳಬೇಕಿತ್ತು,” ಎಂದು ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಪ್ಪಿಕೊಂಡೆ. ಆಗಲೂ ಮೌನ. ಇಷ್ಟು ಗಂಭೀರವಾಗಿ ಅವಳು ನನ್ನ ಮಾತು ಕೇಳಿಸಿಕೊಂಡದ್ದು ಅದೇ ಮೊದಲು. ನನ್ನ ಕಣ್ಣು ತೇವವಾಯಿತು.

ಹಲವಾಗಲಿನಲ್ಲಿ ಚಪ್ಪರದ ಕೆಳಗೆ ಎರಡನೆಯ ಪಂಕ್ತಿ ಏಳುತ್ತಿತ್ತು. ಯಶೋಧಾ ಬೆನ್ನು ಒತ್ತಿಕೊಳ್ಳುತ್ತ, ಹಲ್ಲೆಲ್ಲ ಕಾಣುವಂತೆ ನಗುತ್ತ ಬಂದಳು. ಹತ್ತೂಮುಕ್ಕಾಲಕ್ಕೇ ಮುಟ್ಟಿದ್ದಳಂತೆ.

“ನಾನೇ ಹೆಸರಿಟ್ಟೆ! ಹದಿನಾಲ್ಕು ಗುದ್ದು ಬಿದ್ದಾವ ನೋಡ್ರಿ. ನೀಲಗಂಗಮ್ಮಂದಂತೂ ಗುದ್ದಲ್ಲ, ಹಳೇ ಹಗಿ ತೀರಿಸಿಕೊಂಡಂಗಿತ್ತು!”

ನಾನು ಎದೆಯುಬ್ಬಿಸಿ ಇಳಿದೆ. ಆರಕ್ಕೆ ನಮ್ಮ ಗಾಡಿಯಲ್ಲಿ ಹೊರಟಿದ್ದರಿಂದಲೇ ಇದೆಲ್ಲ ಸಾಧ್ಯವಾಯಿತೆಂದೆ. ತೊಟ್ಟಿಲೂ ಬಂದಿದೆಯೆಂದೆ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಿಬರುವ ಸುಖವೇ ಬೇರೆ ಎಂದೆ.

ಯಶೋಧಾ ಹಿಂದಿನ ಬಾಗಿಲು ತೆರೆದಳು. ಬಗ್ಗಿ ನೋಡಿದಳು. ನಿಧಾನವಾಗಿ ನೆಟ್ಟಗಾದಳು.

“ಅತ್ತಿ ಎಲ್ಲಿ?”

ನಾನು ತೊಟ್ಟಿಲೊಳಗೂ ಒಮ್ಮೆ ಬಗ್ಗಿ ನೋಡಿದೆ. ಆಗಲೇ ನನ್ನ ಫೋನು ರಿಂಗಾಯಿತು. ಏಕಾಂತಪ್ಪ.

“ಸಾರ್, ಮಂಡಿ ಬಾಗಲಾ ಹಾಕಾಕತ್ತೀವಿ. ಒಬ್ಬರು ಮುದುಕಮ್ಮ ಉಳದಾರ. ಯಾರ ಪೈಕಿ ಅಂತ ಕೇಳಿದ್ರ, ‘ನನಗೊಬ್ಬ ಮಗ ಅದಾನ, ಲೆಕ್ಕದ ಮಾಸ್ತರ. ಮನ್ಯಾಗ ಎಷ್ಟು ಮಂದಿ ಅಂತ ಒಂದ್ಸಲ ಎಣಿಸಾಕ ಹೇಳು’ ಅಂತಾರ.”