ಕಾಣೆಯಾದ ‘ಹೂಂ’

ಸಣ್ಣ ಸಂಗತಿಗಳಲ್ಲಿ ದೊಡ್ಡ ಅರ್ಥ ಹುಡುಕುವುದು ನನಗೆ ಕಸುಬಿನಿಂದ ಅಂಟಿದ ಚಾಳಿ. ನಾನು ತರೀಕೆರೆಯಲ್ಲಿ ಕೂತು ಜಮೀನಿನ ಪತ್ರ ಬರೆಯುವವನು. ಜಮೀನಿನ ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿಯಲ್ಲಿ ಪೂರ್ವ ಹೋಗಿ ಪಶ್ಚಿಮವಾದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಹೆಸರಿಗೆ ಒಂದು ಕೊಂಬು ಹೆಚ್ಚಾದರೆ ಯಾರದೋ ಅಪ್ಪ ಇನ್ಯಾರಿಗೋ ಅಪ್ಪನಾಗುತ್ತಾನೆ. ಹಗಲೆಲ್ಲ ಹೀಗೆ ಕಣ್ಣು ಕಿರಿದು ಮಾಡಿ ಓದಿದವನಿಗೆ ಸಂಜೆ ಅಜ್ಜಂಪುರದ ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ಮನೆಯಲ್ಲಿ ಓದಲು ಸಿಗುವುದು ಹೆಂಡತಿ ಗಿರಿಜೆ ಒಬ್ಬಳೇ.

ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು “ಬತ್ತೀನಿ ಕಣೇ” ಅನ್ನುತ್ತೇನೆ. ಅವಳು ತಿರುಗಿ ನೋಡದೆ “ಹೂಂ” ಅನ್ನುತ್ತಾಳೆ. ನಮ್ಮ ಸಂಸಾರ ಬಹುಮಟ್ಟಿಗೆ ಆ ಒಂದಕ್ಷರದ ಮೇಲೆ ನಡೆದಿದೆ. ಮೊನ್ನೆ ಒಂದು ಸೋಮವಾರ ಆ ‘ಹೂಂ’ ಬರಲಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ಕಾಫಿ ಲೋಟ ನನ್ನ ಕೈಗೆ ಬರುವ ಬದಲು ಕಿಟಕಿಯ ಕಟ್ಟೆ ಮೇಲೆ ಕೂತಿತ್ತು. ನನಗೆ ಅಷ್ಟು ಸಾಕು. ಬಸ್ಸಿನಲ್ಲಿ ತರೀಕೆರೆ ಮುಟ್ಟುವುದರೊಳಗೆ ನನ್ನ ಅಪರಾಧಗಳನ್ನೆಲ್ಲ ತಡಕಾಡಿ ಒಂದನ್ನು ಹಿಡಿದೆ: ಹಿರೇನಲ್ಲೂರಿನಲ್ಲಿರುವ ಅವಳ ತಂಗಿ ಲಲಿತೆಯ ಮನೆ ಗೃಹಪ್ರವೇಶಕ್ಕೆ ನಾನು ಹೋಗಿರಲಿಲ್ಲ. ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು, ಮರ್ಯಾದೆಯ ಮೆಲುದನಿಯಲ್ಲಿ ಉದ್ದಕ್ಕೆ ತಪ್ಪೊಪ್ಪಿಕೊಂಡೆ. ಅವಳು ತಲೆಯೆತ್ತಿ, ಸೊಪ್ಪು ತಂದಿದ್ದೀರಾ ಎಂದು ಕೇಳಿದಳು. ಇಷ್ಟು ಕಠಿಣ ಕೋಪವನ್ನು ನಾನು ಯಾವ ವ್ಯಾಜ್ಯದಲ್ಲೂ ಕಂಡಿರಲಿಲ್ಲ.

ಭಾನುವಾರ ನಾನೇ ಅವಳನ್ನು ಹಿರೇನಲ್ಲೂರಿಗೆ ಹೊರಡಿಸಿದೆ. ಬಸ್ಸಿನಲ್ಲಿ ಅವಳು ನನ್ನನ್ನು ಎಬ್ಬಿಸಿ ಇನ್ನೊಂದು ಪಕ್ಕಕ್ಕೆ ಕೂರಿಸಿದಳು. ಅಲ್ಲಿ ಬಿಸಿಲು ಬೀಳುತ್ತಿತ್ತು. ಇದು ಶಿಕ್ಷೆ ಎಂದು ಅರ್ಥ ಮಾಡಿಕೊಂಡು ದಾರಿಯುದ್ದಕ್ಕೂ ಬೆವರಿದೆ. ಲಲಿತೆಯ ಮನೆಯಲ್ಲಿ ಅಕ್ಕತಂಗಿಯರು ಒಳಗೆ ಹೋಗಿ ಕಾಲು ಗಂಟೆ ಆಗಿರಬಹುದು, ಲಲಿತೆ ಹೊರಬಂದು ನನ್ನೆದುರು ನಿಂತಳು.

“ಭಾವ, ಅಕ್ಕಂಗೆ ಎಡಗಿವಿ ಕೇಳಿಸ್ತಿಲ್ಲ. ಬಲಗಿವೀನೂ ಅಷ್ಟಕ್ಕಷ್ಟೆ. ಒಂದೇ ಮನೇಲಿದ್ದು ನಿಮ್ಗೆ ಗೊತ್ತಾಗ್ಲಿಲ್ವಾ?”

ಒಳಗೆ ಹೋದೆ. ಗಿರಿಜೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದಳು. ಅವಳ ಅಮ್ಮನಿಗೆ ಐವತ್ತು ದಾಟುತ್ತಲೇ ಕಿವಿ ಹೋಗಿತ್ತು. ಕೊನೆಕೊನೆಗೆ ಆಕೆ ಜನರ ಬಾಯನ್ನೇ ನೋಡುತ್ತ, ಎಲ್ಲರೂ ನಕ್ಕಾಗ ತಡವಾಗಿ ನಗುತ್ತಿದ್ದರು. ಈಗ ತನಗೂ ಹಾಗೇ ಆಗುತ್ತದೆಂದು ಇವಳು, ‘ಹೂಂ’ ನಿಲ್ಲುವ ಮೊದಲಿನಿಂದಲೇ, ಮೂರು ವಾರ ಒಬ್ಬಳೇ ಹೆದರಿದ್ದಳು. ಯಾಕೆ ಹೇಳಲಿಲ್ಲ ಎಂದು ಬಲಗಡೆಗೆ ಬಂದು, ಜೋರಾಗಿ ಕೇಳಿದೆ.

“ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು ಕಣ್ರೀ,” ಅಂದಳು.

ಈ ಮಾತಿಗೆ ಅರ್ಥ ಹುಡುಕುವ ಕಷ್ಟವಿರಲಿಲ್ಲ. ಮೂರು ವಾರ ಒಂದು ಮನೆಯೊಳಗೆ ಒಬ್ಬಳು ಹೆದರುತ್ತಿದ್ದರೆ ನಾನು ಲೋಟದ ಜಾಗ ನೋಡುತ್ತಿದ್ದೆ. ಬಸ್ಸಿನಲ್ಲಿ ಅವಳು ನನ್ನನ್ನು ಬಿಸಿಲಿಗೆ ದೂಡಿದ್ದು ಬಲಗಿವಿಯ ಕಡೆ ಇರಲಿ ಎಂದು, ನನ್ನ ಮಾತು ಕೇಳಬೇಕೆಂದು. ನಾನೋ ಒಂದು ಮಾತೂ ಆಡದೆ ಶಿಕ್ಷೆ ಅನುಭವಿಸುತ್ತ ಕೂತಿದ್ದೆ.

ಮರುದಿನ ಕಡೂರಿನ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಟಾರ್ಚು ಬಿಟ್ಟು ನೋಡಿ, ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆ, ಇನ್ನೇನೂ ಇಲ್ಲ ಎಂದರು. ಹನಿ ಹಾಕಿ, ಕೂರಿಸಿ, ನೀರು ಚಿಮ್ಮಿಸಿ ತೆಗೆದರು. ಗಿರಿಜೆ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ರಸ್ತೆಯ ಹಾರನ್ನುಗಳನ್ನೆಲ್ಲ ಹಬ್ಬದೂಟದ ಹಾಗೆ ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡಳು, ನಾನು ಬಸ್ಸಿನ ಬೋರ್ಡು ಓದುವವನಂತೆ ಆಚೆ ನೋಡಿದೆ.

ಆಮೇಲೆ ಎದುರಿನ ಹೋಟೆಲಿಗೆ ಹೋಗಿ ಕೂತೆವು. ನೆಮ್ಮದಿಯಾಗಿತ್ತು. ಮಸಾಲೆದೋಸೆಗೆ ಹೇಳಿ, ಬಂದದ್ದನ್ನು ತಿನ್ನತೊಡಗಿದೆ. ಗಿರಿಜೆ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಬಳಿಕ, ಬಹಳ ಶಾಂತವಾಗಿ, ನೀವು ಯಾವಾಗ್ಲೂ ಇಷ್ಟು ಸದ್ದು ಮಾಡ್ಕೊಂಡೇ ತಿಂತಿದ್ರಾ ಎಂದು ಕೇಳಿದಳು.

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನಾನು ಬಾಯಿ ಮುಚ್ಚಿ, ಸದ್ದಿಲ್ಲದೆ ಅಗಿದು, “ಹೂಂ” ಅಂದೆ.