ಬೆನ್ನೆಲುಬಿಲ್ಲದ ಕಾಕಾ

ನಮ್ಮ ಕಾಕಾಗೆ ಬೆನ್ನೆಲುಬಿಲ್ಲ. ಇದು ನಾನು ಹೇಳುವ ಚಾಡಿಯಲ್ಲ, ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರಿಗೆ ಗುರು ಅಂತಿದ್ದರೆ ಒಂದೇ: ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡುತ್ತಿದ್ದ ಟ್ರೈಲೋಬೈಟ್ ಎಂಬ ಹುಳ. ಅದಕ್ಕೂ ಬೆನ್ನೆಲುಬಿಲ್ಲ; ಬೆನ್ನ ಮೇಲೆ ಗಟ್ಟಿ ಚಿಪ್ಪು, ಹೊಟ್ಟೆಯ ಕಡೆ ಬರೀ ಮೆತ್ತಗೆ. ಶತ್ರು ಬಂದರೆ ಕಚ್ಚುವ ಗೋಜಿಲ್ಲ. ತಲೆಗೆ ಬಾಲ ಸೇರಿಸಿ, ಡಬ್ಬಿಗೆ ಮುಚ್ಚಳ ಹಾಕಿದಂತೆ ಉಂಡೆಯಾಗಿಬಿಡುವುದು!

ಪಾಠ ಮಾಡುವಾಗ ಕಾಕಾ ಇದರ ಚಿತ್ರ ಬರೆಯುತ್ತಿರಲಿಲ್ಲ. ತರಗತಿಯ ಹಾಸುಗಲ್ಲಿನ ಮೇಲೆ ತಾವೇ ಮಲಗಿ, ಮಂಡಿಗೆ ಗದ್ದ ಹಚ್ಚಿ ಮುದುಡುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತು, "ಮಾಸ್ತರಿಗಿ ಏನಾಗ್ಯದ?" ಎಂದು ಗಾಬರಿಯಾದರು.

"ಏನಿಲ್ರಿ ಸರ್, ನಿಮ್ಮನ್ನ ನೋಡಿ ಮುದುಡ್ಯಾರ" ಎಂದಳಂತೆ ಮುಂದಿನ ಬೆಂಚಿನ ಹುಡುಗಿ.

ನಮ್ಮ ಕಡೆ ಮನೆಮನೆಗೂ ನೆಲಕ್ಕೆ ಹಾಸುವ ಶಹಾಬಾದ ಕಲ್ಲಿನಲ್ಲಿ ಆ ಹುಳದ ಅಚ್ಚು ಸಿಕ್ಕೇ ಸಿಗುತ್ತದೆಂದು ಕಾಕಾಗೆ ಭರವಸೆ. ಯಾರ ಮನೆಗೆ ಹೋದರೂ ಕಣ್ಣು ನೆಲದ ಮೇಲೆಯೇ. ವಾಡಿಯಲ್ಲಿ ನನಗೆ ಹೆಣ್ಣು ನೋಡಲು ಹೋದಾಗ ನಾವೆಲ್ಲ ಹುಡುಗಿಯನ್ನು ನೋಡಿದೆವು, ಅವರು ಹಾಸುಗಲ್ಲು ನೋಡಿದರು. "ಹಿರಿಯರು ಭಾಳ ಸಂಕೋಚದ ಮನುಷ್ಯಾರು, ಇಂಥ ಮನಿಗಿ ಹೆಣ್ಣು ಕೊಡಬೇಕು" ಎಂದು ಬೀಗರು ಅಲ್ಲೇ ಒಪ್ಪಿಕೊಂಡರು. ನನ್ನ ಸಂಸಾರ ನಿಂತಿರುವುದು ಒಂದು ಹುಳದ ಮೇಲೆ ಎಂದರೆ ನಂಬುತ್ತೀರಾ?

ಕೊನೆಗೆ ಕಲ್ಲಿನ ವಿಷಯ ಓದಿಕೊಂಡವರೊಬ್ಬರು, "ಈ ಕಲ್ಲು ಆ ಹುಳಕ್ಕಿಂತ ಹಳೇದ್ರಿ ಮಾಸ್ತರ್, ಇದರಾಗ ಅದು ಸಿಗಂಗಿಲ್ಲ" ಎಂದರು. ಕಾಕಾ ಅಳುಕಲಿಲ್ಲ. "ಹಂಗಾದ್ರ ಹುಳ ಇನ್ನಾ ಬಂದಿಲ್ಲ, ನಾವೇ ಜರಾ ಲಗೂ ಬಂದೀವಿ" ಎಂದರು.

ಗುಂಡಗುರ್ತಿ ರಸ್ತೆಯಲ್ಲಿ ಹೋರಿಯೊಂದು ಬೆನ್ನಟ್ಟಿದಾಗಲೂ ಅವರು ಓಡದೆ ಉಂಡೆಯಾದರು. ಹೋರಿ ಮೂಸಿ ನೋಡಿ, ತಿನ್ನುವ ಪದಾರ್ಥವಲ್ಲವೆಂದು ಹೊರಟುಹೋಯಿತು. ಅಂದಿನಿಂದ ಕಾಕಾನ ಬಾಯಿಗೆ ಬೀಗವೇ ಇಲ್ಲ.

"ಅಷ್ಟು ಶಾಣ್ಯಾ ಹುಳ ಇದ್ರ ಒಂದೂ ಯಾಕ ಉಳಿಲಿಲ್ರಿ?" ಎಂದರು ಅವರ ಹೆಂಡತಿ, ನಮ್ಮ ಕಾಕು.

ಕಾಕಾ ಅಲ್ಲೇ ಮಂಚದ ಮೇಲೆ ಮುದುಡಿದರು.

ಈಗ ಇಬ್ಬರೂ ಚಿಮ್ಮನಚೋಡದ ಹತ್ತಿರ ಕಾಕುವಿನ ತವರೂರಿನಲ್ಲಿದ್ದಾರೆ. ಕಾಕು ಅಂಗಳದಲ್ಲಿ ಬಿದ್ದು, ಆಪರೇಷನ್ ಆಗಿ, ಬಲಗಾಲು ಕೋಲಿನಂತೆ ನೆಟ್ಟಗೇ ನಿಂತುಬಿಟ್ಟಿದೆ. ಚಿಂಚೋಳಿ ಸೀಮೆಯಲ್ಲಿ ಆಗಾಗ ನೆಲ ಗುಡುಗಿ ಅಲುಗಾಡುತ್ತದೆ. ಕಾಕುಗೆ ಅದೊಂದೇ ಭಯ. "ನೆಲ ನಡುಗಿದ್ರ ಊರೆಲ್ಲಾ ಓಡ್ತದ, ನೀವು ಮುದುಡ್ತೀರಿ. ನನ್ನ ಗತಿ ಏನ್ರಿ?" ಎಂದು ಕೇಳುತ್ತಿದ್ದರು. ಕಾಕಾ ಮಾತು ಮರೆಸುತ್ತಿದ್ದರು.

ಮೊನ್ನೆ ನಾನು ಅಲ್ಲಿಗೆ ಹೋದಾಗ, ಬೆಳಗಿನ ಚಹಾದ ಹೊತ್ತಿಗೆ ನೆಲ ನಡುಗಿತು. ಅಂಗಳದಲ್ಲಿದ್ದ ನಾನು ಬೀದಿಗೆ ಹಾರಿದೆ. ಇಡೀ ಓಣಿ ಹೊರಗಿತ್ತು, ಇವರಿಬ್ಬರೇ ಇಲ್ಲ. ಒಳಗೆ ಓಡಿದೆ.

ಕಾಕು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಕಾಕಾ ಅವರ ಪಕ್ಕದಲ್ಲೇ ನೆಲದ ಮೇಲೆ, ಬೆನ್ನು ನೆಟ್ಟಗೆ ಮಾಡಿ, ಆ ಮಡಚದ ಕಾಲಿನ ಪಕ್ಕ ತಮ್ಮ ಕಾಲನ್ನೂ ಉದ್ದಕ್ಕೆ ಚಾಚಿ ಕುಳಿತಿದ್ದರು. ಮೈ ಗಡಗಡ ನಡುಗುತ್ತಿತ್ತು.

"ನೀವ್ಯಾಕ ಮುದುಡಲಿಲ್ಲ ಕಾಕಾ?"

"ಅಕಿ ಕಾಲು ಮಡಚಂಗಿಲ್ಲಪಾ" ಎಂದರು. "ನಾ ಒಬ್ಬನೇ ಹ್ಯಾಂಗ ಮುದುಡಲಿ?"